ವಾರಕ್ಕೊಂದು ಮಾರು ಕಡಿಮೆ

ನಮ್ಮ ಊರಿನಲ್ಲಿ ಸೋಮವಾರ ಬೆಳಗ್ಗೆ ಬೀದಿಗಳು ಜಾಗ ಬದಲಿಸುತ್ತವೆ. ಮನೆಗೆ ಏನೂ ಆಗುವುದಿಲ್ಲ, ಒಲೆಯ ಮೇಲಿಟ್ಟ ಹಾಲು ಕೂಡ ಅಲುಗುವುದಿಲ್ಲ. ಬಾಗಿಲು ತೆಗೆದರೆ ಮಾತ್ರ ಎದುರುಮನೆ ಬೇರೆ. ಭಾನುವಾರದ ತನಕ ಎದುರಿಗಿದ್ದ ಅಂಚೆ ಕಚೇರಿ ಎಲ್ಲಿಗೋ ಹೋಗಿ ಅಲ್ಲೊಂದು ಸೈಕಲ್ ಷಾಪು ಬಂದು ಕೂತಿರುತ್ತದೆ. ಇದು ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಬೇರೆ ಕಡೆ ಜನ ಎದುರಾದರೆ ಊಟ ಆಯ್ತಾ ಎಂದು ಕೇಳುತ್ತಾರಂತೆ, ನಾವು ಗಿರಣಿ ಸಿಕ್ತಾ ಎಂದು ಕೇಳುತ್ತೇವೆ. ಅಂಚೆಯವನು ಕಾಗದ ಹಂಚುವುದು ಗುರುವಾರದಿಂದ. ಮೊದಲ ಮೂರು ದಿನ ಮನೆಗಳನ್ನು ಹುಡುಕುವುದಕ್ಕೇ ಹೋಗುತ್ತದೆ. ಪಕ್ಕದ ಮನೆಯವರ ಜೊತೆ ಮಾತು ಬಿಟ್ಟವರು ಒಂದು ವಾರ ಹಲ್ಲು ಕಚ್ಚಿಕೊಂಡಿದ್ದರೆ ಸಾಕು. ನನ್ನ ಅಜ್ಜಿ ಹೀಗೆ ಜಗಳವಾಡಿ ಬಿಟ್ಟಿದ್ದ ಒಬ್ಬ ಗೆಳತಿಯ ಮನೆ ಮತ್ತೆ ಪಕ್ಕಕ್ಕೆ ಬರಲು ಒಂಬತ್ತು ವರ್ಷ ಹಿಡಿಯಿತಂತೆ. ಬಂದ ದಿನ ಇಬ್ಬರೂ ಒಂದೇ ಗೋಡೆಗೆ ಒರಗಿ ಕೂತು ಅತ್ತರಂತೆ.

ನನ್ನ ಹೆಸರು ದಾಕ್ಷಾಯಿಣಿ. ವಯಸ್ಸು ಅರವತ್ತೆರಡು. ಮುನಿಸಿಪಾಲಿಟಿಯಲ್ಲಿ ಹಗ್ಗ ಹಾಸುವ ಕೆಲಸ ನನ್ನದು. ಎರಡು ವರ್ಷದ ಹಿಂದೆಯೇ ಮನೆಗೆ ಕಳಿಸಬೇಕಿತ್ತು, ಆದರೆ ನನ್ನ ಬದಲಿಗೆ ಬಂದ ಹುಡುಗಿ ಎರಡನೇ ಸೋಮವಾರವೇ ದಾರಿ ತಪ್ಪಿ ಕುರಿಹಟ್ಟಿಯ ಮುಂದೆ ಅಳುತ್ತಾ ಕೂತಿದ್ದರಿಂದ, ಆಕೆ ಪಳಗುವ ತನಕ ನೀವೂ ಇರಿ ಎಂದು ಉಳಿಸಿಕೊಂಡಿದ್ದಾರೆ. ನಮ್ಮಲ್ಲಿ ಹೆಂಗಸಿಗೆ ಅರವತ್ತೈದು ತುಂಬಿದರೆ ಊರು ಅವಳಿಗೆ ಹಗ್ಗ ಕೊಡುತ್ತದೆ. ಆರತಿ ಎತ್ತಿ, ಪಾನಕ ಕೋಸಂಬರಿ ಹಂಚಿ, ಅವಳ ಬಾಗಿಲ ಕಂಬಕ್ಕೆ ಹಗ್ಗದ ಒಂದು ತುದಿ ಕಟ್ಟುತ್ತಾರೆ. ಇನ್ನೊಂದು ತುದಿ ಹಿಟ್ಟಿನ ಗಿರಣಿಯ ಕಂಬಕ್ಕೆ, ಏಕೆಂದರೆ ಗಿರಣಿ ಸಿಕ್ಕಿತೆಂದರೆ ಅಂಗಡಿ, ತರಕಾರಿ, ಮಾತುಕತೆ ಎಲ್ಲ ಅಲ್ಲೇ ಸಿಕ್ಕಂತೆ. ಭಾನುವಾರ ಸಂಜೆ ಹಳೆಯ ದಾರಿಯ ಹಗ್ಗ ಸುತ್ತಿಕೊಳ್ಳುವುದು, ಸೋಮವಾರ ಬೆಳಗ್ಗೆ ಹೊಸ ದಾರಿ ಹುಡುಕಿ ಗೋಡೆಗಳ ಕೊಂಡಿಗಳಲ್ಲಿ ಪೋಣಿಸಿಕೊಂಡು ಹೋಗುವುದು, ಇದು ನನ್ನ ಬದುಕು. ಅಜ್ಜಿಯರು ಹಗ್ಗ ಹಿಡಿದು ಹೋಗಿ ಹಗ್ಗ ಹಿಡಿದು ಬರುತ್ತಾರೆ, ಯಾರನ್ನೂ ಏನೂ ಕೇಳಬೇಕಾಗಿಲ್ಲ. ಗಂಡಸರಿಗೆ ಹಗ್ಗ ಇಲ್ಲ. ಮುದುಕ ಮೂರು ತಾಸು ದಾರಿ ತಪ್ಪಿ ಬಂದರೆ ಹೋಟೆಲಿನಲ್ಲಿ ಹರಟೆ ಹೊಡೆದು ಬಂದ ಅನ್ನುತ್ತಾರೆ, ಮುದುಕಿ ಅರ್ಧ ತಾಸು ತಡವಾದರೆ ಇಡೀ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ನನ್ನ ಅಣ್ಣನ ಹೆಂಡತಿ ಚನ್ನಾಜಮ್ಮನಿಗೆ ಐದು ವರ್ಷದ ಹಿಂದೆ ಹಗ್ಗ ಕಟ್ಟಿದವಳು ನಾನೇ. ಎರಡು ಎಳೆ ಹತ್ತಿ, ಅರಿಸಿನದ ಬಣ್ಣ, ನನ್ನ ಕೈಯಾರೆ ಹೊಸೆದದ್ದು. ನನಗೆ ಹನ್ನೆರಡು ವರ್ಷವಾಗಿದ್ದಾಗ ಅವರು ನಮ್ಮ ಮನೆಗೆ ಸೊಸೆಯಾಗಿ ಬಂದರು. ನನಗೆ ತಾಯಿ ಇರಲಿಲ್ಲ. ತಲೆ ಬಾಚಿದ್ದು, ಅಡುಗೆ ಕಲಿಸಿದ್ದು, ಸೋಮವಾರದ ಊರಿನಲ್ಲಿ ನಡೆಯಲು ಕಲಿಸಿದ್ದು ಎಲ್ಲ ಅವರೇ. ಜೋಳದ ಡಬ್ಬಿಯನ್ನು ಸೊಂಟಕ್ಕೇರಿಸಿ ಹೊರಟರೆಂದರೆ ಗಿರಣಿಯನ್ನು ಮೊದಲು ಹುಡುಕುವವರು ಅವರೇ ಆಗಿರುತ್ತಿದ್ದರು, ಹಿಂದೆ ನಾಲ್ಕು ಬೀದಿಯ ಹೆಂಗಸರ ಮೆರವಣಿಗೆ. ನಾನು ಗೋಡೆ ಗುರುತು ಇಟ್ಟುಕೊಳ್ಳಲು ಒದ್ದಾಡುತ್ತಿದ್ದರೆ ನಗುತ್ತಿದ್ದರು. "ಬೀದಿ ಏನ್ ನೋಡ್ತೀಯೆ, ಮಂದಿ ನೋಡು. ಆ ಯಪ್ಪನ ಭುಜದ ಮೇಲೆ ಹಿಟ್ಟು ಐತೆ, ಅವನು ಬಂದ ಕಡೆ ಗಿರಣಿ. ಈ ಹೆಂಗಸಿನ ಸೀರೆ ತುದಿ ಒದ್ದೆ, ಅತ್ಲಾಗೆ ಹೊಳೆ. ಗೊತ್ತಾಗ್ಲಿಲ್ವಾ? ಬಾಯೈತಲ್ಲ, ಕೇಳು." ಅವರಿಗೆ ಹಗ್ಗ ಕಟ್ಟಿದ ದಿನ ನನಗಾದಷ್ಟು ಹೆಮ್ಮೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಹಗ್ಗ ಕಟ್ಟಿದ ಮೂರನೇ ವರ್ಷದಿಂದ ಅವರು ಮರೆಯತೊಡಗಿದರು. ಮೊದಲು ಸಣ್ಣಪುಟ್ಟದ್ದು. ಸಾರಿಗೆ ಉಪ್ಪು ಹಾಕಿ, ಮತ್ತೆ ಹಾಕಿ, ಮೂರನೇ ಸಲ ಹಾಕಲು ಹೋಗಿ ಮಗಳ ಕೈಗೆ ಸಿಕ್ಕಿಬಿದ್ದರು. ಮಗಳು ಸರ್ವಮಂಗಳ ಸ್ಕೂಲಿನಲ್ಲಿ ಪಾಠ ಹೇಳುವವಳು, ತಾಯಿಯ ಜೊತೆಗೇ ಇದ್ದಾಳೆ, ತಾಯಿ ಎಂದರೆ ಪ್ರಾಣ. ಅವಳು ಅಂದಿನಿಂದ ಅಡುಗೆಮನೆಯನ್ನು ತಾನೇ ವಹಿಸಿಕೊಂಡಳು. ಆಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು, ಮೊಸರು ಕಡೆಯುವುದನ್ನು, ಸಾಮಾನಿನ ಚೀಟಿ ಬರೆಯುವುದನ್ನು, ಒಂದೊಂದಾಗಿ ಎಲ್ಲವನ್ನೂ. "ನೀವು ಆರಾಮಾಗಿ ಕೂತ್ಕೊಳಿ ಅಮ್ಮ" ಎಂದು ಕುರ್ಚಿ ಹಾಕಿದಳು. ಅತ್ತಿಗೆ ಆರಾಮವಾಗಿ ಕೂತರು. ಬೆಳಗ್ಗೆ ಬಿಸ್ಕತ್ತು ಟೀ, ಮಧ್ಯಾಹ್ನ ನಿದ್ದೆ, ಸಂಜೆ ಮತ್ತೆ ಬಿಸ್ಕತ್ತು ಟೀ. ಹೋದ ಯುಗಾದಿಗೆ ನಾನು ಬೇವುಬೆಲ್ಲ ಹಿಡಿದು ಹೋದಾಗ ಅವರು ನನ್ನನ್ನು ತುಂಬ ಮರ್ಯಾದೆಯಿಂದ ಬರಮಾಡಿಕೊಂಡರು. ಚಾಪೆ ತೋರಿಸಿದರು. ಆಮೇಲೆ ಕೇಳಿದರು, "ತಾವು ಯಾರ ಮನೆಯೋರು?"

ನಾನು ಎದ್ದೆ. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ನಾನು ಅತ್ತಿದ್ದು ಅವರು ಮರೆತರೆಂದಲ್ಲ, ಅವರು ನನ್ನನ್ನು ತಾವು ಅಂದರೆಂದು. ಐವತ್ತು ವರ್ಷ ನನ್ನನ್ನು ನೀನು ಎಂದು ಬೈಯುತ್ತಿದ್ದ ಬಾಯಿ ಅದು.

ಅದೇ ವಾರ ಬಳೆಗಾರ್ತಿ ಹಲೀಮಾಬಿ ನನ್ನ ಜಗುಲಿಯ ಮೇಲೆ ಮಲಾರ ಇಳಿಸಿ ನೀರು ಕೇಳಿದಳು. ಎಪ್ಪತ್ತೆಂಟು ವರ್ಷದ ಹೆಂಗಸು, ಮಣ ಭಾರದ ಬಳೆಗಳನ್ನು ಹೆಗಲಿಗೆ ಹಾಕಿಕೊಂಡು ಊರೆಲ್ಲ ಅಲೆಯುತ್ತಾಳೆ. ಊರಿನ ಪ್ರತಿ ಹೆಂಗಸಿನ ಕೈ ಅಳತೆ ಅವಳ ತಲೆಯಲ್ಲಿದೆ. ಹಗ್ಗ ಕೊಡಲು ಹೋದಾಗ ಪಾನಕ ಕುಡಿದು, ಹಗ್ಗವನ್ನು ಮೇಕೆ ಕಟ್ಟಲು ಇಟ್ಟುಕೊಂಡವಳು. ನಾನು ಅತ್ತಿಗೆಯ ವಿಷಯ ಹೇಳಿ ಕಣ್ಣೊರೆಸಿಕೊಂಡೆ. ಅವಳು ನೀರು ಕುಡಿದು, "ಬೇಜಾರ್ ಮಾಡ್ಕೋಬ್ಯಾಡಿ ಅಮ್ಮಣ್ಣಿ, ಒಂದ್ ಮಾತು ಹೇಳ್ತೀನಿ" ಅಂದಳು. "ಮೊದ್ಲೆಲ್ಲ ಚನ್ನಾಜಮ್ನೋರು ನನ್ನ ಕಂಡ್ರೆ ಎಲ್ಲಿಂದ ಬಂದೆ, ಯಾರ್ ಮನೇಲಿ ಏನಾಯ್ತು ಅಂತ ಕೇಳೋರು. ಹಗ್ಗ ಬಂದ್ಮೇಲೆ ನನ್ನ ಮೊಕಾನೇ ನೋಡಲ್ಲ. ಕೈಲಿರೋ ಹಗ್ಗ ನೋಡ್ಕೊಂಡು ಹೊಂಟೋಯ್ತಾರೆ."

ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಬಿಸಿಲಲ್ಲಿ ಬೆಂದು ಹಾಸಿದ ಹಗ್ಗದ ಬಗ್ಗೆ ಮೇಕೆ ಕಟ್ಟುವವಳ ಉಪದೇಶ! ನೀರಿನ ಚೊಂಬನ್ನು ಠಣ್ಣೆಂದು ಇಟ್ಟು ಒಳಗೆ ಹೋದೆ. ಆದರೆ ಮಾತು ಕಿವಿಯಿಂದ ಇಳಿದು ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಭಾನುವಾರ ಹಗ್ಗ ಸುತ್ತುವಾಗ ನಾನು ಮೊದಲ ಸಲ ಅದನ್ನು ಬೆರಳಲ್ಲಿ ಓದಿದೆ. ಹಿಡಿದ ಕಡೆ ಹತ್ತಿ ನಯವಾಗಿ ಕಪ್ಪಾಗುತ್ತದೆ, ಹಿಡಿಯದ ಕಡೆ ತರಕಲಾಗಿಯೇ ಉಳಿಯುತ್ತದೆ. ನಮ್ಮ ಉಗ್ರಾಣದಲ್ಲಿ ಪ್ರತಿ ವರ್ಷದ ಹಳೆಯ ಹಗ್ಗ ಹೆಸರು ಹಚ್ಚಿ ಇಟ್ಟಿರುತ್ತೇವೆ. ಅತ್ತಿಗೆಯ ಮೊದಲ ವರ್ಷದ ಹಗ್ಗ ಅಲ್ಲಲ್ಲಿ ಮಾತ್ರ ನಯ. ಅಂದರೆ ಬಿಟ್ಟು ಬಿಟ್ಟು ಹಿಡಿದಿದ್ದರು, ಕೈ ಬೀಸಿಕೊಂಡು ಮಾತಾಡಿದ್ದರು. ಎರಡನೇ ವರ್ಷದ್ದು ಉದ್ದಕ್ಕೂ ಒಂದೇ ಸಮನೆ ನಯ. ಈ ವರ್ಷದ್ದು ಮೊದಲ ಹತ್ತು ಮಾರು ನಯ, ಉಳಿದದ್ದು ಅಂಗಡಿಯಿಂದ ಆಗ ತಂದಂತೆ ಇತ್ತು. ಅವರು ಬಾಗಿಲಿಂದ ಹತ್ತು ಮಾರು ಹೋಗಿ ವಾಪಸು ಬರುತ್ತಿದ್ದರು.

ಎಲ್ಲರ ಹಗ್ಗವನ್ನೂ ನೋಡಿದೆ. ಗುರುಬಸಮ್ಮನ ಹಗ್ಗಕ್ಕೆ ಐದೇ ಕಡೆ ಕೊಳೆ, ನಡುವೆ ಮುಟ್ಟಿಯೇ ಇಲ್ಲ. ಎಂಬತ್ತಾದರೂ ಆಕೆಗೆ ಇಪ್ಪತ್ತಮೂರು ಮೊಮ್ಮಕ್ಕಳ ಹೆಸರು, ಜೊತೆಗೆ ಅವರ ತಂಟೆಗಳು, ಎಲ್ಲ ಬಾಯಿಪಾಠ. ಹಾಗೆಂದು ವಿಷಯ ಅಷ್ಟು ಸಲೀಸಲ್ಲ. ಸಿದ್ದನಂಜಮ್ಮ ಹಗ್ಗವನ್ನೇ ಬೇಡ ಅಂದವಳು, ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದವಳು, ಅರವತ್ತೆಂಟಕ್ಕೆ ಹೆತ್ತ ಮಗನನ್ನೇ ಮರೆತಳು. ಯಾರಿಗೆ ಯಾವಾಗ ಯಾಕೆ ಬರುತ್ತದೋ ಆ ಕಾಯಿಲೆ, ನನಗೆ ಗೊತ್ತಿಲ್ಲ. ಆದರೆ ನಯವಾದ ಹಗ್ಗಗಳ ರಾಶಿ ಒಂದು ಕಡೆ, ಮಂಕಾದ ಹೆಂಗಸರ ಪಟ್ಟಿ ಇನ್ನೊಂದು ಕಡೆ ಇಟ್ಟುಕೊಂಡು ಕೂತಾಗ, ನನ್ನ ಕೈಯ ಕೆಲಸವೇ ನನ್ನ ಕಣ್ಣಿಗೆ ಚುಚ್ಚಿತು. ನಾವು ಅವರಿಗೆ ದಾರಿ ಕೊಟ್ಟು, ಹುಡುಕುವುದನ್ನು ಕಿತ್ತುಕೊಂಡಿದ್ದೆವು.

ಸರ್ವಮಂಗಳನಿಗೆ ಹೇಳಿದೆ. ಹಗ್ಗ ತೆಗೆಯೋಣ, ಅಕ್ಕಿಯ ಮೊರವನ್ನೂ ಅವರ ಕೈಗೆ ವಾಪಸು ಕೊಡೋಣ ಅಂದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು.

"ಅತ್ತೆ, ಮನೆಯೊಳಗೇ ಬಚ್ಚಲು ಎಲ್ಲಿ ಅಂತ ಕೇಳ್ತಾರೆ. ಅವರನ್ನ ಹಗ್ಗ ಇಲ್ಲದೆ ಬೀದಿಗೆ ಬಿಡಬೇಕಾ? ನಾನು ಎಂಟು ಗಂಟೆಗೆ ಸ್ಕೂಲಿಗೆ ಹೋಗೋಳು, ಪಾಠ ಮಾಡಬೇಕಾ, ಅಮ್ಮ ಎಲ್ಲಿದ್ದಾರೋ ಅಂತ ಸಾಯಬೇಕಾ?"

"ಹೀಗೇ ಬಿಟ್ರೆ ಕುರ್ಚೀಲೇ ಕಳೆದುಹೋಗ್ತಾರೆ ಕಣೆ."

"ಕುರ್ಚೀಲಿದ್ರೆ ನನಗೆ ಸಿಗ್ತಾರಲ್ಲ" ಅಂದಳು. ಅವಳ ಕಣ್ಣು ತುಂಬಿತ್ತು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಆದರೆ ನಾನು ಹಟಮಾರಿ, ಅದು ಊರಿಗೇ ಗೊತ್ತು. ಮುಂದಿನ ಸೋಮವಾರ ಅತ್ತಿಗೆಯ ಹಗ್ಗವನ್ನು ಗಿರಣಿಗೆ ಒಂದು ಮಾರು ಮುಂಚೆ ಕಟ್ಟಿದೆ. ಎರಡೂ ಕೈ ಚಾಚಿದರೆ ಎಷ್ಟೋ ಅಷ್ಟೇ. ಅದರ ಮುಂದಿನ ವಾರ ಎರಡು ಮಾರು. ಹೀಗೆ ವಾರಕ್ಕೊಂದು ಮಾರು ಕಡಿಮೆ ಮಾಡುತ್ತಾ ಹೋಗುವುದು, ಸರ್ವಮಂಗಳನಿಗೆ ಹೇಳದಿರುವುದು ಎಂದು ತೀರ್ಮಾನಿಸಿದೆ. ಅವಳು ಸ್ಕೂಲಿಗೆ ಹೋದ ಮೇಲೆ ನಾನೇ ಅತ್ತಿಗೆಯನ್ನು ಎಬ್ಬಿಸಿ, ಜೋಳದ ಡಬ್ಬಿಯಲ್ಲಿ ಎರಡು ಹಿಡಿ ಜೋಳ ಹಾಕಿ ಕೈಗೆ ಕೊಟ್ಟು, "ಹಿಟ್ಟಿಲ್ಲ ಅತ್ತಿಗೆ, ಬೀಸಿಸ್ಕೊಂಡು ಬನ್ನಿ" ಎಂದು ಹೇಳಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗುತ್ತಿದ್ದೆ.

ಮೊದಲ ಎರಡು ವಾರ ಹತ್ತು ಮಾರಿಗೇ ನಿಂತು ತಿರುಗಿದರು. ಮೂರನೇ ವಾರ ಯಾಕೋ ತುದಿಯ ತನಕ ಹೋದರು. ಹಗ್ಗ ಮುಗಿಯಿತು. ಗಿರಣಿ ಕಣ್ಣೆದುರಿಗೇ ಇತ್ತು, ಸದ್ದೂ ಕೇಳುತ್ತಿತ್ತು. ಆದರೂ ಅವರು ಹಗ್ಗದ ತುದಿಯನ್ನು ಹಿಡಿದು ನಿಂತೇ ಇದ್ದರು, ಅಂಗೈಯಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾ. ನಾನು ಒಂದು ಎಮ್ಮೆಯ ಮರೆಯಲ್ಲಿ ನಿಂತು ನನ್ನ ತುಟಿ ಕಚ್ಚಿಕೊಂಡೆ. ಓಡಿಹೋಗಿ ಕೈ ಹಿಡಿಯಬಾರದು ಎಂದು ಆ ಎಮ್ಮೆಯ ಹಗ್ಗವನ್ನೇ ಹಿಡಿದುಕೊಂಡಿದ್ದೆ. ಅವರು ವಾಪಸು ಮನೆಗೆ ಬಂದು ಮಲಗಿದರು. ನಾಲ್ಕನೇ ವಾರವೂ ಹಾಗೇ. ಐದನೇ ವಾರ ತುದಿಯಲ್ಲಿ ನಿಂತಿದ್ದಾಗ ಸೈಕಲ್ ಷಾಪಿನವನು ಟ್ಯೂಬು ನೀರಲ್ಲಿ ಅದ್ದುತ್ತಾ, "ಏನ್ ಬೇಕಿತ್ತು ಅಜ್ಜಿ?" ಅಂದ. ಅತ್ತಿಗೆ ಅವನನ್ನೇ ಬಹಳ ಹೊತ್ತು ನೋಡಿದರು. ಕೈಯಲ್ಲಿದ್ದ ಡಬ್ಬಿ ನೋಡಿದರು. "ಇದನ್ನ ಬೀಸ್ಬೇಕಿತ್ತು ಕಣಪ್ಪ" ಅಂದರು. ಅವನು ಬೆರಳು ತೋರಿಸಿದ. ಅವರು ಹಗ್ಗ ಬಿಟ್ಟರು, ಹೋದರು. ಎಮ್ಮೆಯ ಪಕ್ಕದಲ್ಲಿ ನಿಂತಿದ್ದ ನಾನು ಹುಚ್ಚಿಯಂತೆ ನಕ್ಕೆ.

ಅಲ್ಲಿಂದ ದಿನಗಳು ಸ್ವಲ್ಪ ಬದಲಾದವು. ಎಂಟನೇ ವಾರ ಗಿರಣಿ ತಿರುವಿನ ಆಚೆಗಿತ್ತು, ಇಬ್ಬರನ್ನು ಕೇಳಿದರು. ಹನ್ನೆರಡನೇ ವಾರ ಯಾರನ್ನೋ ನಿಲ್ಲಿಸಿ, ಆ ಹೆಂಗಸಿನ ಸೊಸೆಯ ಬಾಣಂತನದ ಕಥೆಯನ್ನೆಲ್ಲ ಕೇಳಿಸಿಕೊಂಡು, ಮನೆಗೆ ಬಂದು ನನಗೆ ಹೇಳಿದರು. ಅರ್ಧ ತಪ್ಪು, ಅರ್ಧ ಸರಿ. ಮಧ್ಯಾಹ್ನದ ನಿದ್ದೆ ಕಡಿಮೆಯಾಯಿತು, ರಾತ್ರಿಯದು ಗಟ್ಟಿಯಾಯಿತು. ರೊಟ್ಟಿ ಕೇಳಿ ತಿಂದರು. ಅಮ್ಮ ಚುರುಕಾಗಿದ್ದಾರೆ, ಯಾವ ಟಾನಿಕ್ಕಿನ ಗುಣವೋ ಎಂದು ಸರ್ವಮಂಗಳ ಆಶ್ಚರ್ಯಪಟ್ಟಳು. ನಾನು ಬಾಯಿ ಬಿಡಲಿಲ್ಲ. ನನ್ನನ್ನು ಮಾತ್ರ ಅವರು ಇನ್ನೂ ತಾವು ಎಂದೇ ಕರೆಯುತ್ತಿದ್ದರು, ಅದು ಪ್ರತಿ ಸಲವೂ ನೋಯುತ್ತಿತ್ತು.

ಹತ್ತೊಂಬತ್ತನೇ ವಾರ ನನಗೆ ಜ್ವರ ಬಂತು. ಹಗ್ಗವನ್ನು ಹೇಗೋ ಹಾಸಿ, ಇವತ್ತು ಅತ್ತಿಗೆ ಹೊರಡುವುದು ಬೇಡ ಎಂದುಕೊಂಡು ಮನೆಗೆ ಬಂದು ಮಲಗಿಬಿಟ್ಟೆ. ಅವರು ತಾವೇ ಡಬ್ಬಿ ಎತ್ತಿಕೊಂಡು ಹೊರಡಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಅಷ್ಟು ಚೆನ್ನಾಗಿ ನಾನೇ ಕಲಿಸಿದ್ದರೂ ನನಗೆ ಅವರ ಮೇಲೆ ನಂಬಿಕೆ ಇರಲಿಲ್ಲ ನೋಡಿ. ಮಧ್ಯಾಹ್ನ ಸರ್ವಮಂಗಳ ಊಟಕ್ಕೆ ಬಂದರೆ ಮನೆ ಖಾಲಿ. ಹಗ್ಗ ಹಿಡಿದು ಓಡಿದ್ದಾಳೆ, ಹಗ್ಗ ನಡುಬೀದಿಯಲ್ಲಿ ಒಂದು ಗೋಡೆಯ ಕೊಂಡಿಗೆ ಬಂದು ಮುಗಿದಿದೆ. ಅಲ್ಲಿಂದ ಗಿರಣಿ ಎತ್ತಲೋ. ಅವಳು ನನ್ನ ಮನೆ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತಾಗ ಅವಳ ಮುಖ ನೋಡಿಯೇ ನನಗೆ ಜ್ವರ ಬಿಟ್ಟುಹೋಯಿತು. ಎಲ್ಲ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. "ಮೊದಲು ಅಮ್ಮ ಸಿಗಲಿ" ಅಂದಳು ಅಷ್ಟೇ.

ಇಬ್ಬರೂ ಊರು ಜಾಲಾಡಿದೆವು. ಕಾಲೆಳೆದುಕೊಂಡು ನಡೆಯುತ್ತಾ ನಾನು ಕಾಣದ ದೇವರಿಗೆಲ್ಲ ಹರಕೆ ಹೊತ್ತೆ. ಸಂಜೆ ನಾಲ್ಕರ ಹೊತ್ತಿಗೆ ಒಂದು ನೀಲಿ ಬಾಗಿಲ ಮನೆಯೊಳಗಿಂದ ಅತ್ತಿಗೆಯ ಹಳೆಯ ನಗು ಕೇಳಿಸಿತು. ಗುರುತೇ ಇಲ್ಲದ ಆ ಮನೆಯ ನಡುಮನೆಯಲ್ಲಿ ಅತ್ತಿಗೆ ಕಾಲು ಚಾಚಿ ಕೂತು, ನಾಲ್ಕು ಹೆಂಗಸರ ನಡುವೆ ಕಡಲೆಕಾಯಿ ಸುಲಿಯುತ್ತಿದ್ದರು. ಆ ಮನೆಯ ಹೆಸರು ಅವರಿಗೆ ಗೊತ್ತಿರಲಿಲ್ಲ, ತಮ್ಮ ಮನೆಯ ಗುರುತೂ ಹೇಳಲು ಬಂದಿರಲಿಲ್ಲ. ಆ ಹೆಂಗಸರು ಪಾಪ, ಯಾರಾದರೂ ಹುಡುಕಿಕೊಂಡು ಬರುತ್ತಾರೆ ಎಂದು ಕೂರಿಸಿಕೊಂಡಿದ್ದರು. ಸರ್ವಮಂಗಳ ತಾಯಿಯ ಮಡಿಲಲ್ಲಿ ಮುಖವಿಟ್ಟು ಮಗುವಿನ ಹಾಗೆ ಅತ್ತಳು. ಎದ್ದವಳು ನನ್ನ ಕಡೆ ತಿರುಗಿ, "ಇನ್ನು ನಮ್ಮ ಮನೆ ಹತ್ರ ಬರಬೇಡಿ ಅತ್ತೆ" ಅಂದಳು. ಮಾರನೇ ದಿನವೇ ಮುನಿಸಿಪಾಲಿಟಿಗೆ ಅರ್ಜಿ ಕೊಟ್ಟಳು, ಅತ್ತಿಗೆಯ ಹಗ್ಗದ ಕೆಲಸ ಆ ಹೊಸ ಹುಡುಗಿಗೆ ಹೋಯಿತು.

ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಹೇಳದೆ ಮಾಡಿದ್ದು ತಪ್ಪು, ಅದನ್ನು ಇವತ್ತಿಗೂ ತಪ್ಪು ಅನ್ನುತ್ತೇನೆ. ಮೂರು ತಿಂಗಳು ಉಳಿದ ಅಜ್ಜಿಯರ ಹಗ್ಗ ಹಾಸಿದೆ, ಮನಸ್ಸಿಟ್ಟು ಹಾಸಲಿಲ್ಲ. ಒಂದು ವಾರವಂತೂ ನನ್ನ ಮನೆಯ ಎದುರಿಗೇ ಅವರ ಮನೆ ಬಂತು. ಏಳು ದಿನ ಕಿಟಕಿಗೆ ಸೀರೆ ಕಟ್ಟಿಕೊಂಡು ಕೂತಿದ್ದೆ. ಹಲೀಮಾಬಿ ಮಾತ್ರ ಬಂದಾಗೆಲ್ಲ ಸುದ್ದಿ ತರುತ್ತಿದ್ದಳು. "ಹೊಸ ಹುಡುಗಿ ಹಗ್ಗ ಭರ್ತಿ ಹಾಸ್ತಾಳೆ ಅಮ್ಮಣ್ಣಿ, ನಿಮ್ಮತ್ತಿಗೆ ಹಿಡಿಯಾಕಿಲ್ಲ. ರಸ್ತೆ ಆಚೆ ಕಡೆ ನಡೀತಾರೆ." ಇನ್ನೊಂದು ಸಲ, "ಮಗಳು ಅಕ್ಕಿ ಮೊರ ತಾಯಿ ಮುಂದೆ ಇಟ್ಟವ್ಳೆ, ಕಂಡೆ" ಅಂದಳು. ನಾನು ಕೇಳಿಸಿಕೊಂಡು ಒಳಗೊಳಗೇ ಕುಣಿದೆ, ಹೊರಗೆ ಹೂಂ ಅಂದೆ.

ಹೋದ ಸೋಮವಾರ ನನ್ನ ಮನೆ ಊರಿನ ತೀರಾ ತುದಿಗೆ, ಇಟ್ಟಿಗೆ ಗೂಡಿನ ಆಚೆಗೆ ಹೋಗಿತ್ತು. ನಾನೇ ಕೆಲಸ ಮುಗಿಸಿ ಬರುವಾಗ ಎರಡು ಸಲ ದಾರಿ ತಪ್ಪಿದ್ದೆ. ಮಧ್ಯಾಹ್ನ ಒಂದು ಗಂಟೆಯ ಬಿಸಿಲು. ಜಗುಲಿಯ ಮೇಲೆ ಹುಣಸೆಹಣ್ಣು ಹರವುತ್ತಿದ್ದೆ. ತಲೆ ಎತ್ತಿದರೆ ಅತ್ತಿಗೆ. ಕೆಂಪು ಧೂಳು ಮೊಣಕಾಲಿನ ತನಕ, ಕೈಯಲ್ಲಿ ಮುಚ್ಚಿದ ಒಂದು ಪಾತ್ರೆ. ಜಗುಲಿ ಹತ್ತಿ ಬಂದು ಕಂಬಕ್ಕೆ ಒರಗಿ ನಿಂತು ಉಸಿರು ಬಿಟ್ಟರು. ನಾನು ಹುಣಸೆಹಣ್ಣನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತೆ.

"ಎಷ್ಟು ದೂರ ಬಂದು ಕೂತಿದ್ದೀಯೆ, ಹಗ್ಗ ಹಾಸೋಳ ಮನೆ ಯಾವ್ದು ಅಂತ ಹನ್ನೊಂದು ಮನೆ ಕೇಳ್ದೆ" ಅಂದರು. ಪಾತ್ರೆ ನನ್ನ ಕೈಗೆ ಕೊಟ್ಟರು. ಮೊಸರನ್ನ, ಬಿಸಿಲಿಗೆ ಹುಳಿ ಬಂದಿತ್ತು. ಆಮೇಲೆ ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದರು. "ಯಾಕೆ ಬಂದೆ ಅನ್ನೋದು ಮರ್ತೋಯ್ತು ಕಣೆ. ನಿನ್ನ ಹೆಸರೂ ಬಾಯಿಗೆ ಬರ್ತಾ ಇಲ್ಲ. ಆದ್ರೆ ನಿನ್ನ ಹತ್ರಾನೇ ಬರ್ಬೇಕು ಅಂತ ಹೊಂಟಿದ್ದೆ, ಬಂದೆ."

ನೀನು ಅಂದರು. ಕಣೆ ಅಂದರು. ಅವರ ಧೂಳಿನ ಕಾಲನ್ನು ನನ್ನ ಸೆರಗಿನಲ್ಲಿ ಒರೆಸುತ್ತಾ ಕೆಳಗೇ ಕೂತುಬಿಟ್ಟೆ. ಆಗ ಅವರ ಹಿಂದೆ, ಇಟ್ಟಿಗೆ ಗೂಡಿನ ಮೂಲೆಯಲ್ಲಿ, ಸರ್ವಮಂಗಳ ಕಂಡಳು. ಸ್ಕೂಲಿಗೆ ರಜ ಹಾಕಿ ಬಂದಿದ್ದಳು. ಬಿಸಿಲಿಗೆ ಮುಖ ಕೆಂಡವಾಗಿತ್ತು, ಬೆಳಗ್ಗಿನಿಂದ ಹನ್ನೊಂದು ಮನೆಯ ಹಿಂದೆಯೂ ಹೀಗೆಯೇ ಮರೆಯಲ್ಲಿ ನಿಂತಿದ್ದಳು, ಒಂದು ಸಲವೂ ಕರೆದಿರಲಿಲ್ಲ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು, ಹೇಳಬೇಡಿ ಎಂದು ತಲೆಯಾಡಿಸಿದಳು. ಇಬ್ಬರೂ ಅಳುತ್ತಿದ್ದೆವು.

ಅತ್ತಿಗೆ ತಿರುಗಿಯೂ ನೋಡಲಿಲ್ಲ. ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತಾ, "ನಮ್ಮ ಮಂಗಳ ಬೆಳಗ್ಗಿಂದ ನನ್ನ ಹಿಂದೇನೇ ಬರ್ತಾವಳೆ" ಅಂದರು. "ಅವಳಿಗೆ ದಾರಿ ಗೊತ್ತಿಲ್ಲ ಅನ್ನಿಸ್ತದೆ, ಪಾಪ. ಒಳಗೆ ಕರಿ, ಮೂರೂ ಜನ ಉಣ್ಣಾನ."